ದಾರಿಹೋಕನ ನಾಲಿಗೆ, ಹೊರಗಿನ ಲೋಟ

ಹುಣಸೂರಿನ ಮೇಲೆ ಮಡಿಕೇರಿಗೆ ಹೋಗುವ ಪ್ರವಾಸಿಗರು ನಮ್ಮ ಸೀಮೆಯ ಊಟದ ಬಗ್ಗೆ ಬರೆಯುವುದನ್ನು ಬಹಳ ದಿನದಿಂದ ಓದಿಕೊಂಡು ಬಂದಿದ್ದೇನೆ. ವಾರಪತ್ರಿಕೆ, ಪುರವಣಿಗಳಲ್ಲಿ ಬರುವ ಈ ಬರಹಗಳಿಗೆ ಒಂದು ಸಿದ್ಧ ಚೌಕಟ್ಟಿದೆ. ಹೆದ್ದಾರಿ ಬದಿಯಲ್ಲಿ ಕಾರು ನಿಲ್ಲುತ್ತದೆ. ಒಂದು ಮಿಲಿಟರಿ ಹೋಟೆಲು, ಬಿಸಿ ಮುದ್ದೆ, ನಾಟಿಕೋಳಿ ಸಾರು. ಬೈಲಕುಪ್ಪೆಯಲ್ಲಿ ಮೊಮೊ, ಥುಕ್ಪಾ. ಎಚ್.ಡಿ. ಕೋಟೆ ಕಡೆ ತಿರುಗಿದರೆ ಕಬಿನಿ ಹಿನ್ನೀರಿನ ದಡದ ರೆಸಾರ್ಟು, ಸಂಜೆಗೆ ವೈನು. ಕೆ.ಆರ್. ನಗರಕ್ಕೆ ಪಾಪ ಇವರು ಬರುವುದೇ ಕಮ್ಮಿ. ಬಂದರೆ ಚುಂಚನಕಟ್ಟೆ ಜಲಪಾತ ನೋಡಿ, ತಂದ ಬುತ್ತಿ ಬಿಚ್ಚಿ ತಿಂದು ಹೋಗುತ್ತಾರೆ. ಕೊನೆಗೆ 'ಇದು ಅಪ್ಪಟ ಮೈಸೂರು ಸೀಮೆಯ ರುಚಿ' ಎಂಬ ತೀರ್ಪು.

ಈ ತೀರ್ಪು ಸುಳ್ಳು ಅನ್ನುವುದು ನನ್ನ ವಾದವಲ್ಲ. ಇದನ್ನು ಕೊಡುವ ನಾಲಿಗೆ ಯಾರದು, ಅದಕ್ಕೆ ಈ ಅಧಿಕಾರ ಎಲ್ಲಿಂದ ಬಂತು ಅನ್ನುವುದಷ್ಟೇ ನನ್ನ ಪ್ರಶ್ನೆ. ಹೋಟೆಲಿನ ಬಗ್ಗೆ ಅಭಿಪ್ರಾಯ ಹೇಳಬೇಕಾದರೆ ಮೊದಲು ಅದರೊಳಗೆ ಹೋಗಿ ಕೂತಿರಬೇಕಲ್ಲವಾ? ನಮ್ಮಪ್ಪನ ಪ್ರಾಯದ ಕಾಲದಲ್ಲಿ ಪಕ್ಕದೂರಿನ ಹೋಟೆಲಿನಲ್ಲಿ ನಮ್ಮವರ ಲೋಟ ಹೊರಗಿನ ಗೋಡೆಯ ಗೂಡಿನಲ್ಲಿರುತ್ತಿತ್ತು. ತೆಗೆದುಕೊಂಡು, ತೊಳೆದುಕೊಂಡು, ಹಿಡಿದು ನಿಲ್ಲಬೇಕು. ಮೇಲಿಂದ ಹುಯ್ಯುತ್ತಿದ್ದರು. "ಆ ಹೋಟ್ಲು ಟೀ ಹೆಂಗಿರ್ತಿತ್ತಪ್ಪಾ?" ಅಂತ ಒಂದು ದಿನ ಕೇಳಿದೆ. ಸುಮಾರು ಹೊತ್ತು ಯೋಚನೆ ಮಾಡಿ ಅಪ್ಪ ಹೇಳಿದ್ದು ಇಷ್ಟೆ: "ಬಿಸಿಯಾಗಿರ್ತಿತ್ತು ಕಣ್ ಮಗಾ. ಕೈ ಮೇಕೆ ಸಿಡಿಯದು."

ಇದು 1980ರ ದಶಕದ ಮಾತು. ಅಷ್ಟು ಹೊತ್ತಿಗಾಗಲೇ ಸಂವಿಧಾನ ಜಾರಿಗೆ ಬಂದು ಮೂವತ್ತು ವರ್ಷ ಕಳೆದಿತ್ತು. ಅದರ 15(2)ನೇ ವಿಧಿಯಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲು ಎಂದು ಹೆಸರಿಟ್ಟೇ ಬರೆದಿದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೋಟೆಲಿನಲ್ಲಿಟ್ಟ ಪಾತ್ರೆಗಳ ಬಳಕೆಯನ್ನು ತಡೆಯುವುದೂ ಅಪರಾಧ ಅಂದಿತು. ಲೋಟದ ವಿಷಯ ಕಾನೂನಿಗೆ ಗೊತ್ತಿತ್ತು. ಹೋಟೆಲಿನ ರುಚಿಯನ್ನು ಬಣ್ಣಿಸುವ ನಮ್ಮ ಪ್ರವಾಸ ಬರಹಗಳಲ್ಲಿ ಆ ಲೋಟ ನನಗಂತೂ ಕಂಡಿಲ್ಲ.

ದಲಿತ ಪ್ರವಾಸಿಯ ಊಟದ ಕಥನ ಬೇಕಾದರೆ ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಬೇಕು. 1901ರಲ್ಲಿ ತಂದೆಯನ್ನು ನೋಡಲು ಹೊರಟ ಹುಡುಗರು ಮಸೂರಿನಲ್ಲಿ ರೈಲು ಇಳಿದು ಗೋರೆಗಾಂವಿಗೆ ಗಾಡಿ ಮಾಡಿಕೊಂಡು ಹೋಗುತ್ತಾರೆ. ಬುಟ್ಟಿಯಲ್ಲಿ ಊಟವಿದೆ, ಬೇಕಾದಷ್ಟಿದೆ. ಕುಡಿಯುವ ನೀರು ಮಾತ್ರ ಯಾರೂ ಕೊಡುವುದಿಲ್ಲ. ಊಟ ಇಟ್ಟುಕೊಂಡೇ ಹಸಿದು ಮಲಗುತ್ತಾರೆ. ಆ ಬುಟ್ಟಿಯ ತಿಂಡಿಯ ರುಚಿಯನ್ನು ಯಾವ ಮಾನದಂಡದಿಂದ ಅಳೆಯೋಣ?

ನಮ್ಮ ಸೀಮೆಗೆ ಬಂದ ಹಳೆಯ ಪ್ರವಾಸಿಯೊಬ್ಬ ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮೇಲೆ, 1800-01ರಲ್ಲಿ ಕಂಪನಿ ಸರ್ಕಾರದ ಅಪ್ಪಣೆಯಂತೆ ಸುತ್ತಾಡಿದವನು. ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಮೇಲೂ ಹಾದುಹೋದ. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳ ತುಂಬ ಜಾತಿ ಜಾತಿಗೂ ಅದೇ ವಿಚಾರಣೆ: ಇವರು ಮಾಂಸ ತಿನ್ನುತ್ತಾರೋ, ಹೆಂಡ ಕುಡಿಯುತ್ತಾರೋ? ಅವನದು ಆಳುವವರ ಲೆಕ್ಕದ ಪುಸ್ತಕ, ಅದರಲ್ಲಿ ಅನುಮಾನವಿಲ್ಲ. ಆದರೆ ಊಟಕ್ಕೂ ಜಾತಿಗೂ ಇರುವ ಗಂಟನ್ನು ಅವನು ಮುಚ್ಚಿಡಲಿಲ್ಲ. ಇವತ್ತಿನ ಪ್ರವಾಸಿ ಬರಹಗಾರ 'ಪ್ರಾದೇಶಿಕ ಆಹಾರ' ಎಂಬ ಮಾತಿನಲ್ಲಿ ಆ ಗಂಟನ್ನೇ ಕಾಣದಂತೆ ಮಾಡುತ್ತಾನೆ. ಪ್ರದೇಶ ಅಂದರೆ ಯಾವುದು? ಊರೋ, ಕೇರಿಯೋ? ಬೋಟಿ, ತಲೆಮಾಂಸ ಈಗ ಹೋಟೆಲಿನ ಸ್ಪೆಷಲ್ಲು. ನಮ್ಮಜ್ಜಿ ಸೀಳಿ ಹಗ್ಗದ ಮೇಲೆ ಒಣಗಿಸುತ್ತಿದ್ದ ದನದ ಬಾಡು ಮಾತ್ರ ಯಾವ ಪುರವಣಿಗೂ ಬರಲಿಲ್ಲ. 2020ರ ಜಾನುವಾರು ಹತ್ಯೆ ನಿಷೇಧದ ಕಾಯಿದೆಯಾದ ಮೇಲೆ ಆ ಹಗ್ಗದ ಸುದ್ದಿಯನ್ನು ನಾವೂ ಮೆತ್ತಗೆ ಮಾತಾಡುತ್ತೇವೆ.

ಬೈಲಕುಪ್ಪೆಯ ಉದಾಹರಣೆ ನನ್ನನ್ನು ಬಹಳ ಕಾಡುತ್ತದೆ. 1960ರ ದಶಕದ ಮೊದಲಲ್ಲಿ ನಿರಾಶ್ರಿತರಾಗಿ ಬಂದು ನೆಲೆಸಿದ ಟಿಬೆಟಿನವರ ಊಟಕ್ಕೆ ನನ್ನ ತಕರಾರಿಲ್ಲ. ಮೊಮೊ ನನಗೂ ಇಷ್ಟ. ಆದರೆ ಅಲ್ಲಿ ಕೂತು ಮಾಂಸದ ಮೊಮೊ ತಿನ್ನುವಾಗ ಪ್ರವಾಸಿಗೆ ಬೇಯಿಸಿದವರ ಜಾತಿ ನೆನಪಾಗುವುದಿಲ್ಲ. ಅದೇ ತಾಲ್ಲೂಕಿನ ಹೊಲಗೇರಿಯಲ್ಲಿ ಒಂದು ತಣಿಗೆ ಊಟ ಮಾಡಿ ಬರೆದ ಪ್ರವಾಸ ಲೇಖನವನ್ನು ನಾನಂತೂ ಇನ್ನೂ ಓದಿಲ್ಲ. ದೂರದ ಮಾಂಸ ರುಚಿಯಾಗುತ್ತದೆ, ಪಕ್ಕದ ಮಾಂಸ ವಾಸನೆಯಾಗುತ್ತದೆ.

ಅಪ್ಪಟ ಹುಣಸೂರು-ಪಿರಿಯಾಪಟ್ಟಣದ ರುಚಿ ಅಂತ ಒಂದಿದ್ದರೆ ನನ್ನ ಪ್ರಕಾರ ಅದು ಕಹಿ. ಎರಡೂ ತಾಲ್ಲೂಕು ಹೊಗೆಸೊಪ್ಪಿನ ಸೀಮೆ. ಬ್ಯಾರನ್ನಿನ ಮುಂದೆ ಕೂತು ನಮ್ಮವ್ವ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವವಳು. ಸೊಪ್ಪಿನ ಅಂಟು ಕೈಗೆ ಕಪ್ಪಗೆ ಮೆತ್ತಿಕೊಳ್ಳುತ್ತದೆ. ಸೋಪು, ಬೂದಿ, ಮರಳು, ಯಾವುದರಲ್ಲಿ ಉಜ್ಜಿದರೂ ಪೂರ್ತಿ ಹೋಗದು. ಮಧ್ಯಾಹ್ನ ಅದೇ ಕೈಯಲ್ಲಿ ಮುದ್ದೆ ಮುರಿದರೆ ಉಪ್ಪೆಸರೂ ಕಹಿ, ಮುದ್ದೆಯೂ ಕಹಿ. ಅವ್ವ ತುತ್ತು ಕಲಸಿ ನನ್ನ ಬಾಯಿಗಿಟ್ಟಾಗ ನಾನು ಮುಖ ಕಿವುಚುತ್ತಿದ್ದೆ. "ಸೊಪ್ಪಿನ ಕಾಲ ಕಳೀಲಿ, ಸಿಹಿಯಾಯ್ತದೆ" ಅನ್ನುತ್ತಿದ್ದಳು. ಈ ಕಹಿಗೆ ಯಾವ ಹೋಟೆಲಿನ ಪಟ್ಟಿಯಲ್ಲೂ ಹೆಸರಿಲ್ಲ.

ಇನ್ನು ವೈನು. ಒಳ್ಳೆಯ ವೈನಿನಲ್ಲಿ ದ್ರಾಕ್ಷಿ ಬೆಳೆದ ಮಣ್ಣಿನ ಗುಣ ಗೊತ್ತಾಗುತ್ತದೆ ಎಂದು ಬಲ್ಲವರು ಬರೆಯುತ್ತಾರೆ. ಇರಬಹುದು. 2007ರಲ್ಲಿ ಕರ್ನಾಟಕ ಸರ್ಕಾರ ಜುಲೈ ಒಂದರಿಂದ ಸಾರಾಯಿ ನಿಷೇಧ ಮಾಡಿತು. ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ಸಾರಾಯಿ ನಿಂತದ್ದಕ್ಕೆ ನನಗೆ ದುಃಖವಿಲ್ಲ. ನಾನಾಗ ಪ್ರೈಮರಿ ಸ್ಕೂಲಿನ ಹುಡುಗ, ಆ ಪಾಕೀಟುಗಳು ಕೇರಿಯನ್ನು ಏನು ಮಾಡಿದವೆಂದು ಕಣ್ಣಾರೆ ಕಂಡಿದ್ದೇನೆ. ನಮ್ಮಜ್ಜಿ ಅವತ್ತು ಮಾರಿಗುಡಿಗೆ ಕಾಯಿ ಒಡೆಸಿದಳು. ಆದರೆ ಕೂಲಿಯವನು ಕುಡಿದರೆ ಚಟ, ಪ್ರವಾಸಿ ಕುಡಿದರೆ ಅಭಿರುಚಿ ಎನ್ನುವ ಭಾಷೆ ಒಂದೇ ವರ್ಷದಲ್ಲಿ ಎರಡು ಸರ್ಕಾರಿ ಕಡತಗಳಲ್ಲಿ ಕೂತದ್ದನ್ನು ವಿಮರ್ಶಕನಾದವನು ಗಮನಿಸದೆ ಇರಲಾರ. ಕಬಿನಿ ಅಣೆಕಟ್ಟೆ ಮುಗಿದದ್ದು 1974ರಲ್ಲಿ. ಆ ಹಿನ್ನೀರಿನಡಿ ಊರುಗಳಿವೆ. ಸುತ್ತಲಿನ ಕಾಡಿನಿಂದ ಹೊರಬಂದ ಜೇನುಕುರುಬರ ಹಾಡಿಗಳಿವೆ. ಅವರ ಕಾಡುಗೆಣಸು, ಕಳಲೆ, ಜೇನು ಈಗ ರೆಸಾರ್ಟಿನವರ ಬಾಯಲ್ಲಿ 'ಬುಡಕಟ್ಟಿನ ರುಚಿ'. ಗೆಣಸು ಅಗೆಯಲು ಕಾಡಿನೊಳಗೆ ಹೋದವನಿಗೆ ಗಾರ್ಡಿನ ಕಾಟ.

ಸಾಹಿತ್ಯದವರು ಇದರಿಂದ ಹೊರಗೇನೂ ಇಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನದ ಮಳಿಗೆಗಳ ಸೂಚನೆಯಲ್ಲಿ ಮದ್ಯ, ತಂಬಾಕಿನ ಸಾಲಿಗೇ ಮಾಂಸಾಹಾರವನ್ನೂ ಸೇರಿಸಿ ನಿಷೇಧ ಅಂದರು. ಅದೂ ಮಂಡ್ಯದಲ್ಲಿ! ಪ್ರತಿಭಟನೆಯಾಯಿತು, ಬಾಡೂಟದ ಪ್ರಶ್ನೆ ಎದ್ದಿತು. ಕೆಲವು ಹಿರಿಯರು ಇದನ್ನು ಹೊಟ್ಟೆಪಾಡಿನ ಜಗಳ ಅಂದುಕೊಂಡರು. ದೇವನೂರರ 'ಒಡಲಾಳ'ವನ್ನು ಪಾಠ ಮಾಡುವವರೇ ಹೀಗಂದರೆ ಏನು ಹೇಳುವುದು? ಅಲ್ಲಿ ಸಾಕವ್ವನ ಮನೆಮಂದಿಯೆಲ್ಲ ಕದ್ದು ತಂದ ಕಡಲೆಕಾಯಿಯ ಸುತ್ತ ಕೂತು ರಾತ್ರಿಯಲ್ಲಿ ತಿನ್ನುತ್ತಾರೆ. ಆಮೇಲೆ ಪೊಲೀಸರು ಬರುತ್ತಾರೆ. ಕನ್ನಡದಲ್ಲಿ ಊಟದ ಬಗ್ಗೆ ಬಂದ ಅಷ್ಟು ನಿಜವಾದ ಬರವಣಿಗೆ ನನಗೆ ಬೇರೆ ಗೊತ್ತಿಲ್ಲ. ಹೊರಗೆ ನಿಂತು ರುಚಿ ನೋಡಿ ಮಾರ್ಕು ಹಾಕುವ ದಾರಿಹೋಕ ಅಲ್ಲಿಲ್ಲ. ಹಾಗಂತ ನಮ್ಮ ಅಪ್ಪ ಅವ್ವಂದಿರು ಯಾವತ್ತೂ ಹಸಿವಿನ ಪಾತ್ರಗಳಾಗಿಯೇ ಇರಬೇಕು, ರುಚಿ ಹೇಳುವ ಹಕ್ಕು ಅವರಿಗೆ ಬೇಡ ಅಂತಲೂ ನಾನು ಒಪ್ಪಲಾರೆ. ದಲಿತ ವಿಮರ್ಶೆ ಹಸಿವಿನ ಬಗ್ಗೆ ಬಹಳ ಬರೆದಿದೆ, ನಾಲಿಗೆಯ ಬಗ್ಗೆ ಕಮ್ಮಿ.

ಅತಿಥಿ ಉಪನ್ಯಾಸಕನಾಗಿ ಮೊದಲ ಸಂಬಳ ಬಂದಾಗ, ಅದೂ ನಾಲ್ಕು ತಿಂಗಳು ತಡವಾಗಿ, ಅಪ್ಪನನ್ನು ಹುಣಸೂರಿನ ಒಂದು ಮಿಲಿಟರಿ ಹೋಟೆಲಿಗೆ ಕರೆದುಕೊಂಡು ಹೋದೆ. ಒಳಗೆ, ಫ್ಯಾನಿನ ಕೆಳಗೆ ಕೂತೆವು. ಎರಡು ಮುದ್ದೆ, ಮಟನ್ ಸಾರು. ಅಪ್ಪ ತಲೆ ಎತ್ತದೆ ಉಂಡರು. ಉಂಡಾದ ಮೇಲೆ ತಟ್ಟೆ ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತು, ಅತ್ತ ಇತ್ತ ನೋಡಿ, "ಎಲ್ಲಿ ತೊಳದಿಡದು ಮಗಾ?" ಅಂದರು. ಕ್ಲೀನರ್ ಹುಡುಗ ಬಂದು ತಟ್ಟೆ ಇಸಕೊಂಡು ಹೋದ. ಅಪ್ಪ ಅವನು ಹೋದ ಕಡೆಯೇ ನೋಡುತ್ತ ನಿಂತಿದ್ದರು.

ಬಸ್‌ಸ್ಟ್ಯಾಂಡಿನವರೆಗೆ ಇಬ್ಬರೂ ಮಾತಾಡಲಿಲ್ಲ. ಬಸ್ಸು ಹತ್ತಿ ಕೂತ ಮೇಲೆ ಎಲೆ ಅಡಿಕೆ ಬಾಯಿಗಿಟ್ಟುಕೊಂಡು ಅಪ್ಪ ನಿಧಾನವಾಗಿ ಶುರು ಮಾಡಿದರು: "ಬಾಡು ಸರಿಯಾಗಿ ಬೆಂದಿರ್ಲಿಲ್ಲ. ಉಪ್ಪು ಒಂಚೂರು ಮುಂದು. ಮುದ್ದೆ ಏನೋ ಪರವಾಗಿಲ್ಲ. ನಿಮ್ಮವ್ವನ ಸಾರಿನ ಮುಂದೆ ಅದೆಂಥದ್ದು ಬುಡು."