ರೋಮಕರ ಆಂಫಿಥಿಯೇಟರೂ ನಮ್ಮ ಪ್ರೇಕ್ಷಾಗೃಹವೂ

ಪರಭಾಷೆಯ ಪಾರಿಭಾಷಿಕ ಶಬ್ದವೊಂದನ್ನು ಕನ್ನಡಕ್ಕೆ ತರುವಾಗ ಮೊದಲು ವಸ್ತುಸ್ವರೂಪವನ್ನು ನಿಶ್ಚಯಿಸಿ ಅನಂತರ ನಾಮಕರಣ ಮಾಡುವುದು ಯುಕ್ತವಾದ ಕ್ರಮ. ‘ಆಂಫಿಥಿಯೇಟರ್’ ಶಬ್ದಕ್ಕೆ ‘ಬಯಲು ರಂಗಮಂದಿರ’ವೆಂದು ಅರ್ಥ ಹೇಳುವ ರೂಢಿಯಲ್ಲಿ ಈ ಕ್ರಮವು ತಪ್ಪಿದೆ. ಮೇಲ್ಛಾವಣಿಯಿಲ್ಲದಿರುವುದು ಆ ಕಟ್ಟಡದ ಲಕ್ಷಣವಲ್ಲ. ಗ್ರೀಕರ ನಾಟ್ಯಶಾಲೆಗೂ ಛಾವಣಿಯಿರಲಿಲ್ಲ. ಗ್ರೀಕ್ ಭಾಷೆಯಲ್ಲಿ ‘ಥಿಯಾಟ್ರಾನ್’ ಎಂದರೆ ನೋಡುವ ಸ್ಥಾನ. ನಮ್ಮ ‘ಪ್ರೇಕ್ಷಾಗೃಹ’ಕ್ಕೂ ಅದೇ ಅರ್ಥ. ‘ಆಂಫಿ’ ಎಂದರೆ ಎರಡೂ ಪಕ್ಕ, ಸುತ್ತಲೂ. ಆದಕಾರಣ ನಾಲ್ಕೂ ಕಡೆಯಿಂದ ನೋಟಕರು ಸುತ್ತುವರಿದಿರುವುದೇ ಇದರ ವಿಶೇಷವು.

ಕಲ್ಲಿನ ಆಂಫಿಥಿಯೇಟರುಗಳಲ್ಲಿ ಉಳಿದಿರುವ ಅತಿ ಪ್ರಾಚೀನವಾದದ್ದು ಪಾಂಪೆಯಿ ಪಟ್ಟಣದ್ದು. ಅದರ ಕಾಲ ಕ್ರಿಸ್ತಪೂರ್ವ ೭೦ರ ಸುಮಾರು. ರೋಮಾಪುರಿಯ ಕೊಲೊಸಿಯಂ ಅನ್ನು ವೆಸ್ಪೇಸಿಯನ್ ಚಕ್ರವರ್ತಿಯು ನೀರೋವಿನ ಅರಮನೆಯ ಕೊಳವಿದ್ದೆಡೆಯಲ್ಲಿ ಆರಂಭಿಸಿದನು. ಅವನ ಮಗನಾದ ಟೈಟಸನು ಕ್ರಿ. ಶ. ೮೦ರಲ್ಲಿ ನೂರು ದಿವಸಗಳ ಆಟಗಳೊಡನೆ ಅದನ್ನು ತೆರೆದನು. ಅಂಡಾಕಾರದ ಈ ಕಟ್ಟಡದ ಉದ್ದ ಸುಮಾರು ೬೧೫ ಅಡಿ, ಅಗಲ ೫೧೦ ಅಡಿ. ಕಮಾನುಗಳ ಮೂರು ಅಂತಸ್ತು, ಅವುಗಳ ಮೇಲೊಂದು ಗೋಡೆ. ನೆಲಮಟ್ಟದಲ್ಲಿ ೮೦ ದ್ವಾರಗಳು. ಜನರು ತಮ್ಮ ತಮ್ಮ ಅಂತಸ್ತಿಗನುಸಾರವಾಗಿ ಕುಳಿತುಕೊಳ್ಳಬೇಕಾಗಿತ್ತು: ಕಣದ ಅಂಚಿನಲ್ಲಿ ಸೆನೆಟಿನ ಸದಸ್ಯರು, ತೀರ ಮೇಲೆ ಸ್ತ್ರೀಯರು ಮತ್ತು ಬಡವರು. ನಡುವಣ ಕಣದಲ್ಲಿ ಮನುಷ್ಯರೂ ಮೃಗಗಳೂ ಕಾದಾಡಿ ಸಾಯುತ್ತಿದ್ದುವು.

ಇದನ್ನು ಭರತಮುನಿಯ ನಾಟ್ಯಶಾಸ್ತ್ರದೊಡನೆ ಹೋಲಿಸಿ ನೋಡೋಣ. ಮುನಿಯು ವಿಕೃಷ್ಟ, ಚತುರಶ್ರ, ತ್ರ್ಯಶ್ರಗಳೆಂಬ ಮೂರೇ ಆಕೃತಿಗಳನ್ನು ವಿಧಿಸುತ್ತಾನೆ, ವೃತ್ತಾಕೃತಿಗೆ ಎಡೆಯಿಲ್ಲ. ಮರ್ತ್ಯರಿಗೆ ೬೪ ಹಸ್ತ ಉದ್ದ, ೩೨ ಹಸ್ತ ಅಗಲ ಸಾಕೆನ್ನುತ್ತಾನೆ. ಹಸ್ತಕ್ಕೆ ಒಂದೂವರೆ ಅಡಿಯಂತೆ ಇದು ೯೬ ಅಡಿಯಾಗುವುದು. ಕೊಲೊಸಿಯಮ್ಮಿನ ಕಣವೊಂದೇ ಸುಮಾರು ೨೭೦ ಅಡಿ ಉದ್ದ. ಮುನಿಯು ಕೊಡುವ ಕಾರಣವು ಮನನೀಯವಾದುದು: ಮನೆಯು ದೊಡ್ಡದಾದರೆ ಮಾತು ಕೇಳದು, ಮುಖದ ಭಾವ ಕಾಣದು. ಯುದ್ಧ, ಮರಣಗಳನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸಲಾಗದೆಂಬ ನಿಷೇಧವೂ ಅಲ್ಲಿಯೇ ಉಂಟು. ಮುಖಭಾವವೇ ನೋಟವಾದಲ್ಲಿ ಮನೆ ಚಿಕ್ಕದಾಗಲೇಬೇಕು; ಸಾವೇ ನೋಟವಾದಲ್ಲಿ ಐವತ್ತು ಸಾವಿರ ಜನಕ್ಕೂ ಅದು ದೂರದಿಂದಲೇ ಕಾಣುತ್ತದೆ. ಆಕೃತಿಭೇದಕ್ಕೆ ಮೂಲವು ಈ ಉದ್ದೇಶಭೇದ.

ಹಂಪೆಯ ಮಹಾನವಮಿ ದಿಬ್ಬವನ್ನು ಇದಕ್ಕೆ ಸಾಟಿಯಾಗಿ ಹೇಳಬಹುದೇ? ಆಗದು. ಅಲ್ಲಿನ ವಿನ್ಯಾಸ ವಿಪರೀತವಾದುದು: ರೋಮಿನಲ್ಲಿ ಪ್ರಜೆಗಳು ಎತ್ತರದಲ್ಲಿ, ಆಟ ತಗ್ಗಿನಲ್ಲಿ, ಹಂಪೆಯಲ್ಲಿ ಅರಸನ ಪೀಠವೇ ಎತ್ತರದಲ್ಲಿ, ಆಟವೂ ಜನವೂ ಕೆಳಗಿನ ಬಯಲಿನಲ್ಲಿ. ಹೀಗೆಂದು ನಮ್ಮಲ್ಲಿ ಕ್ರೌರ್ಯವೇ ಇರಲಿಲ್ಲವೆಂದು ಬೀಗುವುದೂ ಸಲ್ಲದು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ತುಗೀಸನಾದ ಪಾಯೆಸನು ಮಹಾನವಮಿಯ ಪಶುಬಲಿಯನ್ನೂ, ಹಲ್ಲು ಮುರಿದು ಕಣ್ಣು ಹೋಗುವಂತಹ ಮಲ್ಲಯುದ್ಧವನ್ನೂ ವರ್ಣಿಸಿದ್ದಾನೆ. ಆದರೆ ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವು ಮೊದಲ ರಕ್ತಬಿಂದು ಕಂಡೊಡನೆ ನಿಲ್ಲುತ್ತದೆಂಬುದನ್ನೂ ಮರೆಯಬಾರದು.

ನಿಜವಾದ ಸಾದೃಶ್ಯವು ಭಾರತದ ಆದಿಪರ್ವದಲ್ಲಿದೆ. ಕುರುಕುಮಾರರ ಅಸ್ತ್ರಪರೀಕ್ಷೆಗಾಗಿ ದ್ರೋಣನು ನೆಲವನ್ನಳೆಯಿಸಿ ಪ್ರೇಕ್ಷಾಗಾರವನ್ನು ಕಟ್ಟಿಸಿದನು. ಜನರು ತಮಗಾಗಿ ಮಂಚಗಳನ್ನು ಮಾಡಿಸಿಕೊಂಡರು. ಅದು ಒಂದು ಸಮಾರಂಭಕ್ಕೆ ಎದ್ದ ರಚನೆ. ರೋಮಕರು ಅಂಥದನ್ನು ಕಲ್ಲಿನಲ್ಲಿ ಶಾಶ್ವತಗೊಳಿಸಿದರು.

ರೋಮಕರ ಸಂಪರ್ಕವೇ ನಮಗಿರಲಿಲ್ಲವೆಂದಲ್ಲ. ಚಿಕ್ಕಬಾಣಾವರಕ್ಕೆ ಸಮೀಪದ ಯಶವಂತಪುರದಲ್ಲಿ ೧೮೯೧ರಲ್ಲಿ ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸರ ಬೆಳ್ಳಿಯ ನಾಣ್ಯಗಳು ದೊರೆತುವು. ಕ್ಲಾಡಿಯಸನು ಗತಿಸಿದ್ದು ಕ್ರಿ. ಶ. ೫೪ರಲ್ಲಿ, ಆದ್ದರಿಂದ ಆ ನಾಣ್ಯಗಳು ಕೊಲೊಸಿಯಮ್ಮಿಗಿಂತ ಹಳೆಯವು. ನಾಣ್ಯ ಬಂದಿತು, ಕಟ್ಟಡದ ಮಾದರಿ ಬರಲಿಲ್ಲ.

ಹಾಗಾದರೆ ಹೆಸರೇನು? ‘ಅರೀನಾ’ ಎಂಬ ಲ್ಯಾಟಿನ್ ಶಬ್ದಕ್ಕೆ ಮರಳೆಂದು ಅರ್ಥ. ಮರಳು ಹರಡಿದ ಆ ನೆಲಕ್ಕೆ ನಮ್ಮ ‘ಕಣ’ವೇ ಸಾಕು. ಇಡೀ ಕಟ್ಟಡವನ್ನು ‘ಸುತ್ತುಮಂಚದ ಕಣ’ವೆಂದೋ, ಶಾಸ್ತ್ರವ್ಯವಹಾರದಲ್ಲಿ ‘ಪರಿಮಂಚರಂಗ’ವೆಂದೋ ಕರೆದರೆ ಆಕೃತಿಯೂ ಪ್ರಯೋಜನವೂ ಸ್ಫುಟವಾಗುವುವು. ನಾಟಕಕ್ಕೆಂದು ಮೀಸಲಾದ ‘ರಂಗಮಂದಿರ’ ಶಬ್ದವನ್ನು ವಧಸ್ಥಾನಕ್ಕೆ ಕೊಡುವುದು ಮಾತ್ರ ಉಚಿತವಲ್ಲ. ವಿದ್ವಾಂಸರು ವಿಚಾರಿಸಿ ನಿರ್ಣಯಿಸಬೇಕು.