ಹಂದಿ ಜ್ವರದ ಲೆಕ್ಕದಲ್ಲಿ ಬಿಟ್ಟುಹೋದ ದಾರಿಗಳು

ಯಲಹಂಕದ ರಾಮಗೊಂಡನಹಳ್ಳಿಯಲ್ಲಿರುವ ಕೇಂದ್ರದ ಪಶುರೋಗ ಸಂಶೋಧನಾ ಸಂಸ್ಥೆ ‘ನಿವೇದಿ’ ಬಹಳ ವರ್ಷಗಳಿಂದ ಒಂದು ದೊಡ್ಡ ಕೆಲಸವನ್ನು ಬಿಡದೆ ಮಾಡಿಕೊಂಡು ಬಂದಿದೆ. ಯಾವ ಜಿಲ್ಲೆಯಲ್ಲಿ ಯಾವ ಜಾನುವಾರು ರೋಗ ಕಾಣಿಸಿಕೊಳ್ಳಬಹುದು ಎಂಬುದನ್ನು ಎರಡು ತಿಂಗಳು ಮೊದಲೇ ಲೆಕ್ಕಹಾಕಿ ತಿಂಗಳು ತಿಂಗಳೂ ಮುನ್ಸೂಚನೆ ಕೊಡುತ್ತದೆ. ‘ನಾಡ್ರೆಸ್’ ಎಂಬ ಈ ವ್ಯವಸ್ಥೆ ಹಿಂದಿನ ರೋಗ ವರದಿಗಳು, ಮಳೆ, ಉಷ್ಣಾಂಶ, ತೇವಾಂಶ, ನೆಲದ ಹಸಿರು, ಜಾನುವಾರುಗಳ ಸಂಖ್ಯೆ ಎಲ್ಲವನ್ನೂ ಕೂಡಿಸಿ ಒಂದೊಂದು ಜಿಲ್ಲೆಗೂ ಅಪಾಯದ ಮಟ್ಟವನ್ನು ಗುರುತಿಸುತ್ತದೆ. ನೆರಡಿ, ಚಪ್ಪೆ ರೋಗ, ನೀಲಿ ನಾಲಿಗೆಯಂಥ ಕಾಯಿಲೆಗಳಿಗೆ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ. ಮಣ್ಣಿನಲ್ಲಿ ಅಡಗಿ ಕೂತ ರೋಗಾಣುವಿಗೂ ಕಚ್ಚುವ ನೊಣಕ್ಕೂ ಮಳೆ ಬಿಸಿಲಿನ ಹಂಗಿದೆ. ಆದರೆ ಹಂದಿ ಜ್ವರವನ್ನೂ ಇದೇ ಪಟ್ಟಿಯಲ್ಲಿಟ್ಟು ಇದೇ ಅಳತೆಗೋಲಿನಿಂದ ಅಳೆಯುವುದನ್ನು ಒಪ್ಪುವುದು ಕಷ್ಟ. ಬೆಂಗಳೂರು ಗ್ರಾಮಾಂತರದಂಥ ಜಿಲ್ಲೆಯಲ್ಲಿ ಆ ವೈರಸ್ಸನ್ನು ಊರಿಂದೂರಿಗೆ ಒಯ್ಯುವವರು ಮನುಷ್ಯರು. ಅವರ ದಾರಿಗಳು ಲೆಕ್ಕಕ್ಕೆ ಬರದಿದ್ದರೆ ಮುನ್ಸೂಚನೆ ಎಷ್ಟೇ ನಿಖರವಾಗಿ ಕಂಡರೂ ದೊಡ್ಡಬಳ್ಳಾಪುರದ ಪಶುವೈದ್ಯರಿಗೆ ಅದರಿಂದ ಆಗುವ ಉಪಯೋಗ ಕಡಿಮೆ.

ಹೆಸರು ಒಂದೇ ಥರ ಕೇಳಿಸಿದರೂ ಇಲ್ಲಿರುವುದು ಎರಡು ರೋಗಗಳು. ನಮಗೆ ಹಿಂದಿನಿಂದ ಗೊತ್ತಿರುವ ಹಂದಿ ಜ್ವರಕ್ಕೆ ಲಸಿಕೆಯಿದೆ. 2020ರಲ್ಲಿ ಈಶಾನ್ಯದ ಮೂಲಕ ದೇಶದೊಳಕ್ಕೆ ಬಂದ ಆಫ್ರಿಕನ್ ಹಂದಿ ಜ್ವರಕ್ಕೆ ನಮ್ಮಲ್ಲಿ ಬಳಸುವ ಲಸಿಕೆಯಿಲ್ಲ, ಚಿಕಿತ್ಸೆಯೂ ಇಲ್ಲ. ಮನುಷ್ಯರಿಗೆ ಅದು ಅಂಟುವುದಿಲ್ಲ, ಆದರೆ ಹೊಕ್ಕ ಶೆಡ್ಡಿನಲ್ಲಿ ಹಂದಿಗಳು ಉಳಿಯುವುದು ಅಪರೂಪ. ಈ ವೈರಸ್ ಉಪ್ಪು ಹಾಕಿ ಒಣಗಿಸಿದ ಮಾಂಸದಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಚೀನಾಕ್ಕೆ 2018ರಲ್ಲಿ ರೋಗ ಬಂದಾಗ ಅಲ್ಲಿಯ ತಜ್ಞರು 68 ಕಡೆಗಳ ಸೋಂಕಿನ ಮೂಲವನ್ನು ಹುಡುಕಿದರು. ಶೇ 46ರಷ್ಟು ವಾಹನ ಮತ್ತು ಕೆಲಸಗಾರರಿಂದ, ಶೇ 34ರಷ್ಟು ಮುಸುರೆಯಿಂದ, ಶೇ 19ರಷ್ಟು ಹಂದಿ ಮತ್ತು ಮಾಂಸದ ಸಾಗಣೆಯಿಂದ ಬಂದದ್ದೆಂದು ಕಂಡುಬಂತು. ಈ ಮೂರರಲ್ಲಿ ಮಳೆಯ ಪಾತ್ರವೇನು? ಇದಕ್ಕೂ ಬಹಳ ಹಿಂದೆ, 1957ರಲ್ಲಿ, ಈ ರೋಗ ಆಫ್ರಿಕಾ ದಾಟಿ ಯುರೋಪಿಗೆ ಕಾಲಿಟ್ಟದ್ದು ಲಿಸ್ಬನ್ ವಿಮಾನ ನಿಲ್ದಾಣದ ಹತ್ತಿರ. ವಿಮಾನಗಳಲ್ಲಿ ಉಳಿದ ಊಟವನ್ನು ಅಲ್ಲಿಯ ಹಂದಿಗಳಿಗೆ ಹಾಕಿದ್ದೇ ಕಾರಣವೆಂದು ಪಶುರೋಗ ಚರಿತ್ರೆಯಲ್ಲಿ ದಾಖಲಾಗಿದೆ. ದೇವನಹಳ್ಳಿಯಲ್ಲಿ 2008ರಿಂದ ದೊಡ್ಡ ವಿಮಾನ ನಿಲ್ದಾಣವಿದೆ. ಇದನ್ನು ಯಾರ ಮೇಲಿನ ಆರೋಪವಾಗಿಯೂ ಹೇಳುತ್ತಿಲ್ಲ. ಈ ಜಿಲ್ಲೆಗಾಗಿ ಮಾಡುವ ಮಾದರಿ ಕೇಳಲೇಬೇಕಾದ ಮೊದಲ ಪ್ರಶ್ನೆಗಳಲ್ಲಿ ಅಲ್ಲಿ ಉಳಿದ ಊಟ ಎಲ್ಲಿಗೆ ಹೋಗುತ್ತದೆ ಎಂಬುದು ಒಂದು ಎಂದಷ್ಟೇ ಹೇಳುತ್ತಿದ್ದೇನೆ.

ಬೆಂಗಳೂರಿನ ಹೋಟೆಲು, ಹಾಸ್ಟೆಲುಗಳ ಉಳಿಕೆ ಅನ್ನ ಸುತ್ತಲಿನ ಹಂದಿ ಫಾರಂಗಳಿಗೆ ಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕೊಂಡು ಹಾಕುವ ಮೇವಿನ ಬೆಲೆಯಲ್ಲಿ ಹಂದಿ ಸಾಕಿದರೆ ಚಿಕ್ಕ ರೈತನಿಗೆ ಗಿಟ್ಟುವುದಿಲ್ಲ, ಆದ್ದರಿಂದ ಮುಸುರೆಯೇ ಈ ಕಸುಬಿನ ಬೆನ್ನೆಲುಬು. ಒಂದೇ ಟೆಂಪೊ ನಾಲ್ಕಾರು ಕಡೆ ಡ್ರಮ್ಮು ಇಳಿಸುತ್ತದೆ. ಮರಿ ಮಾರುವ ದಲ್ಲಾಳಿ, ತೂಕ ಹಾಕಿ ಕೊಳ್ಳುವ ಕಸಾಯಿಯವನು, ಕೂಡಿಸಲು ತಂದ ಗಂಡು ಹಂದಿ ಇವೆಲ್ಲ ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಹಾಕಿದ ಎಳೆಗಳು. ಇದರ ಜೊತೆಗೆ ಊರಂಚಿನಲ್ಲಿ ಬಿಟ್ಟು ಮೇಯಿಸುವ ಹಂದಿಗಳಿವೆ. ಕೊರಮ, ಕೊರಚ ಸಮುದಾಯಗಳ ಎಷ್ಟೋ ಮನೆಗಳಿಗೆ ಅದು ತಲೆಮಾರುಗಳ ಬದುಕು. ರೋಗ ಖಚಿತವಾದಾಗ ಕೇಂದ್ರದ ಕ್ರಿಯಾಯೋಜನೆಯ ಪ್ರಕಾರ 1 ಕಿಲೋಮೀಟರ್ ತ್ರಿಜ್ಯದ ಪ್ರದೇಶವನ್ನು ಸೋಂಕಿತ ವಲಯವೆಂದೂ 10 ಕಿಲೋಮೀಟರ್‌ವರೆಗಿನದನ್ನು ನಿಗಾ ವಲಯವೆಂದೂ ಘೋಷಿಸುತ್ತಾರೆ. ಬಿಟ್ಟು ಮೇಯಿಸುವ ಹಂದಿಗಳ ನಡುವೆ ಹರಡುವ ಸೋಂಕಿಗೆ ಈ ವೃತ್ತ ಸರಿ. ಮುಸುರೆ ಟೆಂಪೊ ಮಾತ್ರ ಹೊಸಕೋಟೆಯಿಂದ ನೆಲಮಂಗಲದವರೆಗೂ ಹೋಗಬಲ್ಲದು. ದೇವನಹಳ್ಳಿಗೆ ಅಂಟಿಕೊಂಡಿರುವ ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲಿ 2025ರ ಆಗಸ್ಟ್‌ನಲ್ಲಿ ಆಫ್ರಿಕನ್ ಹಂದಿ ಜ್ವರ ದೃಢಪಟ್ಟಿತು. ಆಗ ಕೇಳಬೇಕಾದದ್ದು ಹತ್ತು ಕಿಲೋಮೀಟರಿನೊಳಗೆ ಯಾರಿದ್ದಾರೆ ಎಂದಷ್ಟೇ ಅಲ್ಲ, ಹಿಂದಿನ ಮೂರು ವಾರ ಆ ಶೆಡ್ಡಿಗೆ ಬಂದುಹೋದ ವಾಹನಗಳು ಬೇರೆಲ್ಲಿ ನಿಂತಿದ್ದವು ಎಂಬುದೂ.

ಮೂರು ವಾರ ಎಂದದ್ದಕ್ಕೆ ಕಾರಣವಿದೆ. ಸೋಂಕು ತಗುಲಿ ಲಕ್ಷಣ ಕಾಣುವವರೆಗೆ 4ರಿಂದ 19 ದಿನ ಹಿಡಿಯಬಹುದು. ಕಾಲುಬಾಯಿ ರೋಗದಂತೆ ಇದು ಗಾಳಿಯಲ್ಲಿ ಹಬ್ಬಿ ಒಂದೇ ಸಲಕ್ಕೆ ಇಡೀ ಶೆಡ್ಡನ್ನು ಮಲಗಿಸುವುದಿಲ್ಲ. ಮೊದಲು ಒಂದೋ ಎರಡೋ ಹಂದಿ ಮೇವು ಬಿಟ್ಟು ಸಾಯುತ್ತವೆ. ಸಾಕಿದವನು ಅದನ್ನು ಸೆಕೆಗೋ ಹಳಸಿದ ಮುಸುರೆಗೋ ಹಾಕಿ ಸುಮ್ಮನಾಗುತ್ತಾನೆ. ಎರಡನೆಯ ಸಾವಿನ ಹೊತ್ತಿಗೆ ಅನುಮಾನ ಬಂದರೆ ಅವನ ಮುಂದೆ ಎರಡು ದಾರಿ: ಪಶು ಆಸ್ಪತ್ರೆಗೆ ತಿಳಿಸುವುದು, ಇಲ್ಲವೆ ಚೆನ್ನಾಗಿರುವಂತೆ ಕಾಣುವ ಹಂದಿಗಳನ್ನು ಬಂದ ಬೆಲೆಗೆ ಮಾರುವುದು. ಪರಿಹಾರ ಸಿಗುವುದು ಇಲಾಖೆಯವರು ಕೊಂದ ಹಂದಿಗಳಿಗೆ, ಅಷ್ಟರೊಳಗೆ ತಾವಾಗಿ ಸತ್ತವಕ್ಕಲ್ಲ. ಹಣ ಯಾವಾಗ ಕೈಸೇರುತ್ತದೆಂಬ ಭರವಸೆಯೂ ಇಲ್ಲದವನು ಮಾರಿಬಿಟ್ಟರೆ ಅವನನ್ನು ದೂರುವುದು ನ್ಯಾಯವಲ್ಲ. ಹರಡುವಿಕೆಯ ಲೆಕ್ಕಕ್ಕೆ ಇಡೀ ಕತೆಯಲ್ಲಿ ಬಹಳ ಮುಖ್ಯವಾದ ಗಳಿಗೆ ಇದೇ, ಏಕೆಂದರೆ ಹೆದರಿ ಮಾರಿದ ಒಂದು ಲೋಡಿನಿಂದ ರೋಗ ಮೂರು ತಾಲ್ಲೂಕಿಗೆ ಹಬ್ಬಬಹುದು. 1927ರಲ್ಲಿ ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ರೋಗದ ಹರಡುವಿಕೆಗೆ ಕಟ್ಟಿದ ಸಮೀಕರಣದಲ್ಲಿ ಎಲ್ಲರೂ ಎಲ್ಲರನ್ನೂ ಸಮನಾಗಿ ಮುಟ್ಟುತ್ತಾರೆಂಬ ಊಹೆಯಿತ್ತು. ಅಂಥ ಊಹೆಯ ಮೇಲೆ ನಿಂತ ಮಾದರಿಗೆ ರೈತನ ಈ ತೀರ್ಮಾನ ಕಾಣುವುದೇ ಇಲ್ಲ. ಪರಿಹಾರ ಎಷ್ಟು ದಿನದೊಳಗೆ ಬಂದರೆ ಎಷ್ಟು ಮಂದಿ ಮಾರದೆ ತಿಳಿಸುತ್ತಾರೆ ಎಂಬುದನ್ನು ಒಳಗೊಂಡ ಮಾದರಿಯಾದರೆ ಇಲಾಖೆಯ ಹಣಕಾಸು ವಿಭಾಗಕ್ಕೂ ಉತ್ತರ ಕೊಟ್ಟೀತು.

ಇದಕ್ಕೆ ಬೇಕಾದ ಮಾಹಿತಿಯೇ ಇಲ್ಲವಲ್ಲ ಎಂಬುದು ಗಟ್ಟಿ ಆಕ್ಷೇಪ. ಡೆನ್ಮಾರ್ಕಿನಲ್ಲಿ ಹಂದಿಗಳ ಪ್ರತಿ ಸಾಗಣೆಯೂ ಸರ್ಕಾರಿ ದಾಖಲೆಗೆ ಸೇರುತ್ತದೆ, ನಮ್ಮಲ್ಲಿ ಟೆಂಪೊ ಚಾಲಕನ ನೆನಪೇ ದಾಖಲೆ. ಸಿಕ್ಕಿದ ಹವಾಮಾನದ ಅಂಕಿಗಳಿಂದ ಆದಷ್ಟು ಮಾಡುವುದು ಜಾಣತನ ಎಂದು ನಾಡ್ರೆಸ್ ಪರವಾಗಿ ವಾದಿಸಬಹುದು. ಆದರೆ ನಾಲ್ಕೇ ತಾಲ್ಲೂಕಿನ ಈ ಜಿಲ್ಲೆಯಲ್ಲಿ ಪಶುವೈದ್ಯಕೀಯ ಸಿಬ್ಬಂದಿ ಲಸಿಕೆಗೆ ಹೋದಾಗಲೇ ಮೂರು ಪ್ರಶ್ನೆ ಕೇಳಿಕೊಂಡು ಬರಬಹುದು: ಮುಸುರೆ ಎಲ್ಲಿಂದ, ಮರಿ ಯಾರಿಂದ, ಮಾರಾಟ ಯಾರಿಗೆ. ಉತ್ತರ ಅರ್ಧಂಬರ್ಧ ಸಿಕ್ಕಿದರೂ ಅತಿ ಹೆಚ್ಚು ಎಳೆಗಳು ಕೂಡುವ ಜಾಗಗಳು ಕಂಡೇ ಕಾಣುತ್ತವೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ರೋಗ ಹಬ್ಬಿದಾಗ ಗಣಿತ ಮಾದರಿಗಳನ್ನು ನಂಬಿ ಅಕ್ಕಪಕ್ಕದ ಫಾರಂಗಳ ಆರೋಗ್ಯವಂತ ಪ್ರಾಣಿಗಳನ್ನೂ ಕೊಂದರು, ಒಟ್ಟು 60 ಲಕ್ಷಕ್ಕೂ ಹೆಚ್ಚು ಜಾನುವಾರು ಹತವಾದವು. ಹಾಗೆ ಅಕ್ಕಪಕ್ಕದಲ್ಲಿ ಕೊಂದದ್ದರಲ್ಲಿ ಬಹುಪಾಲು ಅನಗತ್ಯವಾಗಿತ್ತೆಂದು ಕೆಲವು ಪಶುವೈದ್ಯರೇ ಆಮೇಲೆ ಬರೆದರು. ಅಲ್ಲಿ ಎಡವಿದ್ದು, ಬೇಲಿಯ ಪಕ್ಕ ಇರುವುದನ್ನೇ ಸಂಪರ್ಕವೆಂದು ಹಿಡಿದು ಸ್ಥಳೀಯ ವೈದ್ಯರ ತಿಳಿವಳಿಕೆಯನ್ನು ಬದಿಗಿಟ್ಟದ್ದರಲ್ಲಿ. ನಮ್ಮ ಹತ್ತು ಕಿಲೋಮೀಟರ್ ವೃತ್ತಕ್ಕೂ ಅದೇ ಎಚ್ಚರ ಬೇಕು.

ಕುರಿ, ಹಸುಗಳ ಮುಂದೆ ಹಂದಿಗೆ ಇಷ್ಟು ಶ್ರಮ ಯಾಕೆ ಎನ್ನುವವರಿಗೆ ಲಸಿಕೆಯ ಲೆಕ್ಕವೇ ಉತ್ತರ. ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ 2020ರಲ್ಲಿ ಹಳೆಯ ಹಂದಿ ಜ್ವರಕ್ಕೆ ಜೀವಕೋಶದಲ್ಲಿ ಬೆಳೆಸಿದ ಲಸಿಕೆ ತಂದಾಗ ಸರ್ಕಾರ ಕೊಟ್ಟ ಅಂಕಿಗಳ ಪ್ರಕಾರ, ವರ್ಷಕ್ಕೆ ಬೇಕಾದದ್ದು 2.2 ಕೋಟಿ ಡೋಸು, ತಯಾರಾಗುತ್ತಿದ್ದದ್ದು 12 ಲಕ್ಷ. ಹಳೆಯ ವಿಧಾನದಲ್ಲಿ ಒಂದು ಮೊಲವನ್ನು ಕೊಂದರೆ ಸಿಗುತ್ತಿದ್ದದ್ದು 50 ಡೋಸು. ಸಾಲದ ಲಸಿಕೆಯನ್ನು ಜಿಲ್ಲೆಗಿಷ್ಟು ಎಂದು ಹಂಚುವುದಕ್ಕಿಂತ, ಹತ್ತು ಕಡೆಗೆ ಮರಿ ಮಾರುವ ಶೆಡ್ಡಿಗೆ ಮೊದಲು ಹಾಕಿದರೆ ಅದೇ ಡೋಸಿನಿಂದ ಹೆಚ್ಚು ಮನೆಗಳು ಉಳಿಯುತ್ತವೆ. ಆದರೆ ಅಂಥ ಪಟ್ಟಿ ತಯಾರಾದರೆ ನಾಳೆ ಅದನ್ನೇ ಹಿಡಿದುಕೊಂಡು ವಾಸನೆ, ಪರವಾನಗಿಯ ನೆಪದಲ್ಲಿ ಶೆಡ್ಡು ಎತ್ತಿಸಲು ಬರುತ್ತಾರೆಂಬ ಭಯ ಸಾಕುವವರಿಗಿದೆ, ಭೂಮಿಯ ಬೆಲೆ ಏರುತ್ತಿರುವ ದೇವನಹಳ್ಳಿಯಲ್ಲಿ ಅದು ಸುಳ್ಳು ಭಯವಲ್ಲ. ಹಾಗಾಗಿ ಮೂರು ಪ್ರಶ್ನೆಗಳಿಗೆ ಬಂದ ಉತ್ತರ ಪಶುಸಂಗೋಪನಾ ಇಲಾಖೆಯಲ್ಲೇ ಉಳಿಯಬೇಕು, ನಗರಸಭೆಗಾಗಲಿ ಕಂದಾಯದವರಿಗಾಗಲಿ ಹೋಗಕೂಡದು ಎಂದು ಮಾಹಿತಿ ಕೇಳುವ ಮೊದಲೇ ಲಿಖಿತ ಆದೇಶ ಹೊರಡಬೇಕು.