ಬಣ್ಣಗಳಿಗೂ ಅರ್ಥಕೋಶವೇ?

ಕೆಂಪು ಎಂದರೆ ಸಿಟ್ಟು, ನೀಲಿ ಎಂದರೆ ದುಃಖ, ಹಳದಿ ಎಂದರೆ ಸಂತೋಷ, ಕಪ್ಪು ಎಂದರೆ ಭಯ. ಮಕ್ಕಳಿಗೆ ಬಣ್ಣದ ಮೂಲಕ ಭಾವನೆ ವ್ಯಕ್ತಪಡಿಸಲು ಕಲಿಸುವ ಹೆಸರಿನಲ್ಲಿ ಇಂತಹ ಪಟ್ಟಿಗಳು ಚಿತ್ರಕಲೆಯ ತರಗತಿಗೆ ಬಂದಿವೆ. ಉದ್ದೇಶ ಒಳ್ಳೆಯದೇ. ಆದರೆ ಈ ಪಟ್ಟಿ ಯಾರ ಬದುಕಿನಿಂದ ಬಂದದ್ದು ಎಂದು ನಾವು ಕೇಳಬೇಕಾಗಿದೆ.

ಕಮಲಾಪುರ ತಾಲ್ಲೂಕಿನ ಮಹಾಗಾಂವದ ಒಂದು ಮಗುವನ್ನು ಕಲ್ಪಿಸಿಕೊಳ್ಳೋಣ. ಬಣ್ಣ ತುಂಬುವ ಪುಸ್ತಕದಲ್ಲಿ ಬಾಳೆಹಣ್ಣು ಹಳದಿ. ಆದರೆ ಈ ತಾಲ್ಲೂಕಿಗೆ ಹೆಸರು ತಂದದ್ದು ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದಿರುವ ಕೆಂಪು ಬಾಳೆ. ಆ ಮಗುವಿಗೆ ಕೆಂಪು ಸಿಹಿಯ ಬಣ್ಣವೂ ಆಗಿರಬಹುದು. ಕಲಬುರಗಿ ಸೀಮೆಯ ಎರೆಹೊಲ ಕಪ್ಪು. ತೊಗರಿ ಬಿತ್ತುವ ಮನೆಯಲ್ಲಿ ಕಪ್ಪು ಅನ್ನದ ಬಣ್ಣ. ಹಜ್‌ಗೆ ಹೊರಟ ಅಜ್ಜನ ಇಹ್ರಾಮ್ ಬಿಳಿ, ಕಫನ್ ಕೂಡ ಬಿಳಿ. ದರ್ಗಾದ ಚಾದರ ಹಸಿರು, ಪಕ್ಕದ ಮನೆಯ ಸೀಮಂತದ ಬಳೆಯೂ ಹಸಿರು. ಇವುಗಳಲ್ಲಿ ಯಾವುದಕ್ಕೆ ಯಾವ ಭಾವನೆ ಎಂದು ತರಗತಿಯ ಗೋಡೆಯ ಮೇಲಿನ ಪಟ್ಟಿ ತೀರ್ಮಾನಿಸುವುದು ಹೇಗೆ?

ವಿಯೆನ್ನಾದ ಫ್ರಾಂಜ್ ಚಿಜೆಕ್ 1897ರಲ್ಲೇ ಮಕ್ಕಳ ಕಲಾ ತರಗತಿ ಆರಂಭಿಸಿದಾಗ, ಮಗು ತನ್ನದೇ ರೀತಿಯಲ್ಲಿ ಬಿಡಿಸಲಿ ಎಂದು ಬಯಸಿದ್ದರು. ನಮ್ಮಲ್ಲಿ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಬೇಕೆಂದು ಹೇಳಿತು. ಆದರೂ ಪರೀಕ್ಷೆ ಹತ್ತಿರವಾದರೆ ಡ್ರಾಯಿಂಗ್ ಅವಧಿ ಗಣಿತದ ಪಾಲಾಗುವುದು ಸಾಮಾನ್ಯ.

ಇದರ ನಷ್ಟ ಸಣ್ಣದಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ದೇಶದ ಮೊದಲ ಸಾವು ದಾಖಲಾದದ್ದು ಕಲಬುರಗಿಯವರೊಬ್ಬರದು. ಶಾಲೆಗಳು ಮುಚ್ಚಿದವು. ಮಕ್ಕಳು ಮನೆಯಲ್ಲಿ ಕುಳಿತು ಹಿರಿಯರ ಭಯವನ್ನು ನೋಡಿದರು. ಎಷ್ಟೋ ಮಕ್ಕಳು ತಮ್ಮವರನ್ನೇ ಕಳೆದುಕೊಂಡರು. ಕಲಿಕೆಯ ಹಿನ್ನಡೆ ಸರಿಪಡಿಸಲು ಸರ್ಕಾರ 2022-23ರಲ್ಲಿ 'ಕಲಿಕಾ ಚೇತರಿಕೆ' ತಂದಿತು. ಅದು ಅಗತ್ಯವಾಗಿತ್ತು. ಅದರ ಜೊತೆಗೆ, ಬಾಯಿಬಿಟ್ಟು ಹೇಳಲಾಗದ ಮಗುವಿನ ಕೈಗೆ ಒಂದು ಹಾಳೆ, ನಾಲ್ಕು ಬಣ್ಣ ಕೊಟ್ಟು ಸುಮ್ಮನೆ ಕುಳಿತುಕೊಳ್ಳುವ ತಾಳ್ಮೆಯೂ ಬೇಕಿತ್ತು.

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಮಾದರಿ ಚಿತ್ರ ಕೊಡದಿರಲಿ. ಎರಡು ಬಣ್ಣ ಬೆರೆಸಿ ಮೂರನೆಯದನ್ನು ಮಗುವೇ ಕಂಡುಕೊಳ್ಳಲಿ. 'ಆಕಾಶ ಹೀಗಿರುತ್ತದೆಯೇ?' ಎಂದು ಗದರಿಸುವ ಬದಲು ಮಾಸ್ತರರು 'ಇದರ ಬಗ್ಗೆ ಹೇಳಪ್ಪಾ' ಎನ್ನಲಿ. ಹೇಳಲು ಇಷ್ಟವಿಲ್ಲದಿದ್ದರೆ ಬಿಟ್ಟುಬಿಡಲಿ. ಹಾಳೆ ತುಂಬ ಕಪ್ಪು ಬಳಿದ ಮಾತ್ರಕ್ಕೆ ಮಗುವಿಗೆ ಮನೋರೋಗವೆಂದು ನಿರ್ಧರಿಸುವುದೂ ಬೇಡ; ಅದು ಮಳೆ ಬಿದ್ದ ಹೊಲವಿರಬಹುದು. ಆದರೆ ವಾರಗಟ್ಟಲೆ ಮಗು ಮಂಕಾಗಿದ್ದರೆ ಹೆತ್ತವರೊಡನೆ ಮಾತನಾಡಲೇಬೇಕು. ಈ ಚಿತ್ರಗಳಿಗೆ ಅಂಕ ಹಾಕಬಾರದು. ಅಂಕ ಬಂದೊಡನೆ ಮಗು ಮಾಸ್ತರರಿಗೆ ಇಷ್ಟವಾಗುವ ಭಾವನೆಯನ್ನೇ ಬಿಡಿಸತೊಡಗುತ್ತದೆ.

ಹೆತ್ತವರಾದ ನಾವೂ ಮಗು ಚಿತ್ರ ಹಿಡಿದು ಮನೆಗೆ ಬಂದಾಗ ತಪ್ಪು ಹುಡುಕುವುದನ್ನು ಬಿಟ್ಟು, ಒಂದು ನಿಮಿಷ ಅದನ್ನು ನೋಡೋಣ.